ಮಲೆನಾಡಿನ ಓಡಾಟಕ್ಕೆ ಹೊಸ ಕಾಂಪ್ಯಾಕ್ಟ್ ಎಸ್‌ಯುವಿಯೋ, ಬಳಸಿದ ಡೀಸೆಲ್ ಕ್ರೆಟಾವೋ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ನೌಕರಿಯಲ್ಲಿದ್ದೇನೆ; ತಂದೆ ತಾಯಿ ತೀರ್ಥಹಳ್ಳಿಯ ಆಚೆ ತೋಟದ ಮನೆಯಲ್ಲಿದ್ದಾರೆ. ವಾರದ ದಿನಗಳಲ್ಲಿ ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರ್ ಮಾತ್ರ ಓಡಾಟ. ವಾರದ ಕೊನೆಗೆ ಊರಿಗೆ ಹೊರಟರೆ ಸುಮಾರು 70 ಕಿಲೋಮೀಟರ್. ಅದರಲ್ಲಿ ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ದಾರಿ, ಆಷಾಢದ ಮಳೆ ಹಿಡಿದರೆ ಪೂರ್ತಿ ಕೆಸರು. ಅಮ್ಮನಿಗೆ ಮಂಡಿನೋವು ಇರುವುದರಿಂದ ತಗ್ಗಾದ ಕಾರಿನಲ್ಲಿ ಕೂರುವುದೂ ಏಳುವುದೂ ಕಷ್ಟ. ಹಾಗಾಗಿ ಎತ್ತರದ ಕಾರೇ ಬೇಕು.

ತೆರಿಗೆ, ವಿಮೆ ಎಲ್ಲ ಸೇರಿ 12 ಲಕ್ಷ ರೂಪಾಯಿ ಮೀರಬಾರದು. ಈ ಹಣದಲ್ಲಿ ನೆಕ್ಸಾನ್ ಅಥವಾ ಬ್ರೆಝಾ ಪೆಟ್ರೋಲ್ ಹೊಸದಾಗಿ ಬರುತ್ತದೆ. ಇಲ್ಲವಾದರೆ ಒಬ್ಬರೇ ಮಾಲೀಕರು ಓಡಿಸಿರುವ 2021ರ ಡೀಸೆಲ್ ಕ್ರೆಟಾ ಒಂದು ಮಾರಾಟಕ್ಕಿದೆ. ಮನಸ್ಸು ಕ್ರೆಟಾದ ಕಡೆಗೆ ವಾಲುತ್ತಿದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ಕಾಫಿಸೀಮೆ, ಸಕಲೇಶಪುರ

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ನಾಲ್ಕು ಕಿಲೋಮೀಟರ್. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಇಂಥ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಎಂಜಿನ್ ಉಗುಳುವ ಮಸಿ ಅದರಲ್ಲಿ ಸೇರಿಕೊಳ್ಳುತ್ತದೆ. ಅದು ಸುಟ್ಟು ಬೂದಿಯಾಗಬೇಕಾದರೆ ಫಿಲ್ಟರ್ ಚೆನ್ನಾಗಿ ಕಾಯಬೇಕು, ಅಂದರೆ ಗಂಟೆಗೆ 60 ಕಿಲೋಮೀಟರಿನ ಆಸುಪಾಸಿನಲ್ಲಿ ಕಾಲು ಗಂಟೆಯಾದರೂ ಒಂದೇ ಸಮನೆ ಓಡಿಸಬೇಕು. ಎಂಜಿನ್ ಬಿಸಿಯಾಗುವ ಮೊದಲೇ ಕಚೇರಿ ತಲುಪಿ ಕೀಲಿ ತೆಗೆಯುವವರ ಕಾರಿನಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮಸಿ ಸುಡಲೆಂದು ಹೆಚ್ಚಾಗಿ ಸಿಂಪಡಿಸಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಸೇರುತ್ತದೆ, ಕೊನೆಗೆ ಎಚ್ಚರಿಕೆಯ ದೀಪ ಹತ್ತುತ್ತದೆ. ಫಿಲ್ಟರ್ ಬದಲಾಯಿಸುವ ಖರ್ಚು ಸಣ್ಣದಲ್ಲ.

ಡೀಸೆಲ್‌ನ ಎಳೆತ ಘಟ್ಟದಲ್ಲಿ ಎಷ್ಟು ಹಿತವೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಿಮ್ಮ ಓಡಾಟಕ್ಕೆ ನಾನು ಪೆಟ್ರೋಲನ್ನೇ ಹೇಳುತ್ತೇನೆ.

ಉತ್ತರ: ಲೆಕ್ಕಪತ್ರ

ತೆರಿಗೆಯನ್ನು ನೋಡದೆ ಹೊಸ ಕಾರುಗಳನ್ನು ಹೋಲಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಉದ್ದವನ್ನು ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1500 ಸಿಸಿ ಒಳಗಿನ ಡೀಸೆಲ್ ಎಂಜಿನ್ನಿನ ಕಾರುಗಳಿಗೆ ಜಿಎಸ್‌ಟಿ 18 ಶೇಕಡಾ, ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ 40. ನೆಕ್ಸಾನ್ ಪೆಟ್ರೋಲ್ 1199 ಸಿಸಿ ಆದ್ದರಿಂದ ಅದು ಕಡಿಮೆ ದರದಲ್ಲಿದೆ. ಬ್ರೆಝಾ ಉದ್ದದಲ್ಲಿ ಮಿತಿಯೊಳಗೇ ಇದ್ದರೂ ಎಂಜಿನ್ 1462 ಸಿಸಿ ಆಗಿರುವುದರಿಂದ 40ರ ಸಾಲಿಗೆ ಸೇರುತ್ತದೆ. ಹೀಗಾಗಿ ಒಂದೇ ಬೆಲೆಗೆ ಯಾವುದರಲ್ಲಿ ಏನೇನು ಸಿಗುತ್ತದೆ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಇದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಇದೆ: ಐದರಿಂದ ಹತ್ತು ಲಕ್ಷದ ಕಾರಿಗೆ 14 ಶೇಕಡಾ, ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ 17 ಶೇಕಡಾ, ಸೆಸ್ ಬೇರೆ. 9.80 ಲಕ್ಷದ ಮಾದರಿಗೆ 1.37 ಲಕ್ಷ ತೆರಿಗೆಯಾದರೆ 10.30 ಲಕ್ಷದ ಮಾದರಿಗೆ 1.75 ಲಕ್ಷವಾಗುತ್ತದೆ. ಸನ್‌ರೂಫಿನಂಥ ಒಂದು ಸೌಕರ್ಯಕ್ಕಾಗಿ ಹತ್ತು ಲಕ್ಷದ ಗಡಿ ದಾಟುವುದು ನನ್ನ ಮಟ್ಟಿಗೆ ಹಣ ಚೆಲ್ಲಿದಂತೆ.

ಬಳಸಿದ ಕಾರು ಕರ್ನಾಟಕದಲ್ಲೇ ನೋಂದಣಿಯಾಗಿದ್ದರೆ ಈ ತೆರಿಗೆಯನ್ನು ಮತ್ತೆ ಕಟ್ಟಬೇಕಾಗಿಲ್ಲ; ಅದು ದೊಡ್ಡ ಉಳಿತಾಯ. ದೆಹಲಿಯ ಕಡೆಯಿಂದ ಬಂದ ಡೀಸೆಲ್ ಕಾರುಗಳು ಅಗ್ಗವಾಗಿ ಕಾಣುತ್ತವೆ, ಆದರೆ ಅಲ್ಲಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಕಾರಿನ ವಯಸ್ಸಿಗೆ ತಕ್ಕಂತೆ ತೆರಿಗೆ ಕಟ್ಟುವಷ್ಟರಲ್ಲಿ ಆ ಅಗ್ಗ ಉಳಿದಿರುವುದಿಲ್ಲ.

ಉತ್ತರ: ಹಳೇ ಗ್ಯಾರೇಜು

ಡೀಸೆಲ್ ಬೇಡವೇ ಬೇಡ ಎನ್ನುವುದನ್ನು ನಾನು ಪೂರ್ತಿ ಒಪ್ಪಲಾರೆ. ವಾರಕ್ಕೊಮ್ಮೆ ತೀರ್ಥಹಳ್ಳಿಯ ಕಡೆಗೆ ಹೋಗಿಬರುವವರಿಗೆ ಡಿಪಿಎಫ್ ಸ್ವಚ್ಛವಾಗಲು ಅಷ್ಟು ಓಟ ಸಾಕು. ಆ ಪ್ರಯಾಣ ತಪ್ಪುವ ವಾರಗಳು ಎಷ್ಟೆಂಬುದನ್ನು ಕೇಳಿದವರೇ ಯೋಚಿಸಬೇಕು. ಆದರೆ ಕಾರಿನ ಹಿಂದಿನ ಮಾಲೀಕರೂ ಊರೊಳಗೇ ಓಡಿಸಿದ್ದರೆ ತೊಂದರೆ ಆಗಲೇ ಶುರುವಾಗಿರಬಹುದು. ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆಗಳನ್ನು ಕೇಳಿ, ಪ್ರತಿ ಸರ್ವಿಸಿನ ದಿನಾಂಕವನ್ನೂ ಆಗಿನ ಕಿಲೋಮೀಟರನ್ನೂ ಸಾಲಾಗಿ ಬರೆದು ನೋಡಿ. ಎಲ್ಲಾದರೂ ಸಂಖ್ಯೆ ಹಿಂದಕ್ಕೆ ಹೋಗಿದ್ದರೆ ಮೀಟರ್ ತಿರುಗಿಸಿದ್ದಾರೆಂದೇ ಅರ್ಥ.

ಕಾರು ನೋಡಲು ಬೆಳಿಗ್ಗೆ ಹೋಗಿ, ನಾನು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ, ಎಂಥ ಹೊಗೆ ಬರುತ್ತದೆ ಎಂಬುದು ಬಿಸಿ ಎಂಜಿನ್‌ನಲ್ಲಿ ತಿಳಿಯುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿ ಇಡುವ ಗುಂಡಿಯ ಹಾಸನ್ನು ಎತ್ತಿ ನೋಡಿ, ಸೀಟಿನ ಕೆಳಗಿನ ಹಳಿಗಳನ್ನೂ ನೋಡಿ. ಅಲ್ಲಿ ಮಣ್ಣಿನ ಪದರವೋ ತುಕ್ಕೋ ಇದ್ದರೆ ಕಾರು ನೆರೆನೀರಿನಲ್ಲಿ ನಿಂತಿರುವ ಸಾಧ್ಯತೆ ಹೆಚ್ಚು, ಅಂಥದ್ದನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರವೂ ಆ ಹೆಸರು ತೆಗೆಸಲು ಬೇಕಾದ ಫಾರಂ 35 ಕೂಡ ಕೈಸೇರುವ ತನಕ ಪೂರ್ತಿ ಹಣ ಕೊಡಬೇಡಿ.

ಪ್ರಶ್ನೆ ಕೇಳಿದವರು: ತುಂಗಾತೀರ

ತಮ್ಮೆಲ್ಲರಿಗೂ ತುಂಬಾ ಧನ್ಯವಾದಗಳು. ಮಳೆಗಾಲದಲ್ಲಿ ಊರಿಗೆ ಹೋಗಲಾಗದ ವಾರಗಳು ಖಂಡಿತ ಬರುತ್ತವೆ, ಆದ್ದರಿಂದ ಡೀಸೆಲ್ ವಿಚಾರವನ್ನು ಕೈಬಿಡುತ್ತಿದ್ದೇನೆ. ಉಳಿದಿರುವುದು ಕೆಸರಿನ ದಾರಿಯ ಚಿಂತೆ. ನೆಕ್ಸಾನ್‌ಗೆ 208 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಕಾರಿನ ತಳದವರೆಗಿನ ಎತ್ತರ) ಇದೆ ಎನ್ನುತ್ತಾರೆ, ಅಷ್ಟು ಸಾಕೇ?

ಉತ್ತರ: ಕಾಫಿಸೀಮೆ, ಸಕಲೇಶಪುರ

ಕಲ್ಲು ತಗುಲದಿರಲು ಎತ್ತರ ಸಾಕು, ಕೆಸರಿನಿಂದ ಎದ್ದು ಬರಲು ಟೈರಿನ ಹಿಡಿತ ಬೇಕು. ನೀವು ಹೆಸರಿಸಿದ ಮೂರೂ ಕಾರುಗಳಲ್ಲಿ ಎಂಜಿನ್ನಿನ ಬಲ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ನಾಲ್ಕೂ ಚಕ್ರ ಎಳೆಯುವ ಮೂರು ಬಾಗಿಲಿನ ಥಾರ್‌ನಲ್ಲಿ ಹಿಂದಿನ ಸೀಟಿಗೆ ಮುಂದಿನ ಸೀಟನ್ನು ಮಡಚಿ ಹತ್ತಬೇಕು; ಮಂಡಿನೋವಿರುವ ಅಮ್ಮನವರಿಗೆ ಅದನ್ನು ನಾನು ಹೇಳಲಾರೆ. ಹಾಗಾಗಿ ಕಾರಿನಲ್ಲಿ ಉಳಿಸಿದ ಹಣದಲ್ಲಿ ಒಂದಷ್ಟನ್ನು ಆ ಎರಡು ಕಿಲೋಮೀಟರಿನ ತೀರ ಕೆಟ್ಟ ಜಾಗಗಳಿಗೆ ಜಲ್ಲಿ ಹಾಕಿಸಲು, ನೀರು ನಿಲ್ಲದಂತೆ ಪಕ್ಕದಲ್ಲಿ ಚರಂಡಿ ತೆಗೆಸಲು ಇಡಿ. ಟೈರು ಸವೆದು ಅದರ ಗೀರುಗಳ ಆಳ ಕನಿಷ್ಠ ಮಿತಿಯಾದ 1.6 ಮಿಲಿಮೀಟರಿಗೆ ಇಳಿಯುವ ತನಕ ಕಾಯದೆ ಮಳೆಗಾಲಕ್ಕೆ ಮುಂಚೆಯೇ ಬದಲಾಯಿಸಿ.

ಮುಂಗಡ ಕೊಡುವ ಮೊದಲು ಅಮ್ಮನವರನ್ನೇ ಷೋರೂಮಿಗೆ ಕರೆದುಕೊಂಡು ಹೋಗಿ, ಎರಡೂ ಕಾರುಗಳಲ್ಲಿ ಹಿಂದೆಯೂ ಮುಂದೆಯೂ ಕೂರಿಸಿ ಇಳಿಸಿ ನೋಡಿ. ಸೀಟು ತೀರ ಎತ್ತರವಾದರೂ ಮಂಡಿಗೆ ತ್ರಾಸವೇ. ಸೀಟಿನ ಅಂಚು ಅವರ ಸೊಂಟದ ಮಟ್ಟಕ್ಕೆ ಬಂದರೆ ಹತ್ತದೆ, ಬಗ್ಗದೆ ಸರಿದು ಕೂರಬಹುದು.