ಎಂ.ಜಿ.ಎಂ. ಸಿಂಹ: ಬದಲಾಗಬೇಕಿತ್ತೇ, ಉಳಿಯಬೇಕಿತ್ತೇ?

ಪರದೆಪ್ರಿಯ, ಕಲಬುರಗಿ:
ಎಲ್ಲರಿಗೂ ಶರಣು. ಅಮೆರಿಕದ ಎಂ.ಜಿ.ಎಂ. ಕಂಪನಿಯ ಚಿತ್ರ ಶುರುವಾಗುವ ಮುನ್ನ, ಚಿನ್ನದ ಬಣ್ಣದ ಫಿಲ್ಮ್ ಸುತ್ತಿನ ನಡುವೆ ತಲೆ ಹೊರಳಿಸಿ ಗರ್ಜಿಸುವ ಸಿಂಹವನ್ನು ನಮ್ಮಲ್ಲಿ ಬಹುತೇಕರು ನೋಡಿದ್ದೇವೆ. 1957ರಿಂದ ಅರವತ್ತಕ್ಕೂ ಹೆಚ್ಚು ವರ್ಷ ಆ ಜಾಗದಲ್ಲಿ ಕಂಡದ್ದು ಲಿಯೋ ಎಂಬ ನಿಜವಾದ ಸಿಂಹ. 2021ರ ಮಾರ್ಚ್ ತಿಂಗಳಲ್ಲಿ ಕಂಪನಿ ಅದನ್ನು ಬದಿಗಿಟ್ಟು, ಅದರದೇ ಹೋಲಿಕೆಯಲ್ಲಿ ಕಂಪ್ಯೂಟರಿನಲ್ಲಿ ತಯಾರಿಸಿದ ಸಿಂಹವನ್ನು ತಂದು ಕೂರಿಸಿತು. ಹೊಸ ಸಿಂಹದ ಕೇಸರ ಕೂದಲು ಕೂದಲಾಗಿ ಕಾಣುವಷ್ಟು ಸ್ಪಷ್ಟವಾಗಿದೆ, ಒಪ್ಪುತ್ತೇನೆ. ಆದರೆ ಕ್ಯಾಮೆರಾ ಯಾರದ್ದು, ಕಂಪನಿ ಯಾರದ್ದು ಎಂಬ ಗೊಡವೆಯೇ ಇಲ್ಲದ ಪ್ರಾಣಿಯೊಂದು ತನ್ನ ಪಾಡಿಗೆ ಅತ್ತ ನೋಡಿ, ತನಗೆ ಬೇಕೆನಿಸಿದಾಗ ಇತ್ತ ತಿರುಗುವ ಆ ನೋಟ ಹೊಸದರಲ್ಲಿ ಇಲ್ಲ. ಲಾಂಛನದ ಬಲವೆಲ್ಲ ಆ ನೋಟದಲ್ಲೇ ಇತ್ತು. ಆದ್ದರಿಂದ ಈ ಬದಲಾವಣೆ ತಪ್ಪೆಂದು ನನ್ನ ವಾದ. ಬಲ್ಲವರು ತಮ್ಮ ಅಭಿಪ್ರಾಯ ತಿಳಿಸಬೇಕು.

ರೇಖೆ, ಕಲಬುರಗಿ:
ಸರ್, ನಾನು ವಿನ್ಯಾಸ ಕಲಿಯುತ್ತಿರುವವಳು, ಆ ದೃಷ್ಟಿಯಿಂದಲೇ ಕೇಳುತ್ತೇನೆ: ಉಳಿಯಬೇಕಿದ್ದದ್ದು ಯಾವ ಸಿಂಹ? 1916ರಲ್ಲಿ ಹೊವಾರ್ಡ್ ಡೀಟ್ಸ್ ಸಿಂಹದ ಲಾಂಛನ ರೂಪಿಸಿದ್ದು ಗೋಲ್ಡ್‌ವಿನ್ ಪಿಕ್ಚರ್ಸ್ ಎಂಬ ಬೇರೆ ಕಂಪನಿಗಾಗಿ. 1924ರಲ್ಲಿ ಮಾರ್ಕಸ್ ಲೋ ಅವರು ಮೆಟ್ರೋ, ಗೋಲ್ಡ್‌ವಿನ್, ಮೇಯರ್ ಕಂಪನಿಗಳನ್ನು ಒಂದುಗೂಡಿಸಿದಾಗ ಸಿಂಹವೂ ಹೊಸ ಮನೆಗೆ ಬಂತು. ಆ ಕಾಲದ ಸ್ಲ್ಯಾಟ್ಸ್ ಎಂಬ ಸಿಂಹ ಮೂಕಿ ಚಿತ್ರಗಳ ಸಿಂಹ. ಅದು ಸುತ್ತ ನೋಡುತ್ತಿತ್ತೇ ಹೊರತು ಗರ್ಜಿಸುತ್ತಿರಲಿಲ್ಲ. 1928ರಲ್ಲಿ ಚಿತ್ರಕ್ಕೆ ಧ್ವನಿ ಬಂದಾಗ ಜಾಕಿ ಎಂಬ ಸಿಂಹ ಬಂತು, ಅದರ ಗರ್ಜನೆ ಮೊದಲು ಕೇಳಿಸಿದ್ದು ಗ್ರಾಮಫೋನ್ ತಟ್ಟೆಯಿಂದ. ಟೆಕ್ನಿಕಲರ್ ಬಂದಾಗ ಬಣ್ಣದಲ್ಲಿ ಟ್ಯಾನರ್ ಎಂಬ ಸಿಂಹವನ್ನು ಚಿತ್ರೀಕರಿಸಿದರು. ಜಾರ್ಜ್ ಎಂಬ ಇನ್ನೊಂದು ಸ್ವಲ್ಪ ಕಾಲ ಮಾತ್ರ ಇತ್ತು. ಲಿಯೋ ಬಂದದ್ದು ಇವೆಲ್ಲದರ ನಂತರ. ಸಾಲದ್ದಕ್ಕೆ 1960ರ ದಶಕದ ಉತ್ತರಾರ್ಧದಲ್ಲಿ ಕೆಲವು ಚಿತ್ರಗಳಿಗೆ ಗರ್ಜನೆಯೂ ಇಲ್ಲದ, ಅಲುಗಾಡದ, ವೃತ್ತದೊಳಗೆ ಗೆರೆಗಳಲ್ಲಿ ಬರೆದ ಸಿಂಹವನ್ನು ಬಳಸಿದರು. ಕುಬ್ರಿಕ್ ಅವರ '2001: ಎ ಸ್ಪೇಸ್ ಒಡಿಸ್ಸಿ' ಶುರುವಾಗುವುದು ಅದರಿಂದಲೇ. ಧ್ವನಿ ಬಂದಾಗ ಒಂದು, ಬಣ್ಣ ಬಂದಾಗ ಒಂದು ಎಂದು ತಂತ್ರ ಬದಲಾದಾಗಲೆಲ್ಲ ಸಿಂಹವೂ ಬದಲಾಗಿದೆ. ಡಿಜಿಟಲ್ ಪರದೆ ಬಂದಾಗ ಇನ್ನೊಂದು ಬಂದರೆ ಅದು ಆ ಪರಂಪರೆಯ ಮುಂದುವರಿಕೆ ಮಾತ್ರ.

ಪರದೆಪ್ರಿಯ, ಕಲಬುರಗಿ:
ತಂಗಿ, ನೀವು ಹೇಳಿದ ಸರಣಿ ಸರಿ. ಆದರೆ ಆ ಗೆರೆಯ ಚಿತ್ರವೊಂದನ್ನು ಬಿಟ್ಟರೆ, ಸರಣಿಯಲ್ಲಿ ಬಂದ ಪ್ರತಿಯೊಂದೂ ಕ್ಯಾಮೆರಾದ ಮುಂದೆ ಉಸಿರಾಡುತ್ತ ಕುಳಿತ ಜೀವ. ಆ ಗೆರೆಯ ಸಿಂಹವನ್ನೂ ಕಂಪನಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟು ಲಿಯೋನನ್ನು ಮರಳಿ ಕರೆತಂದಿತು ಎಂಬುದನ್ನು ಮರೆಯಬಾರದು.

ಕ್ಯಾಬಿನ್ ಕಾಕಾ, ಶಹಾಬಾದ:
ನಾನು ಟಾಕೀಸಿನ ಕ್ಯಾಬಿನ್ನಿನಲ್ಲಿ ಆಪರೇಟರನಾಗಿ ದುಡಿದು ನಿವೃತ್ತನಾದವನು. ಲಾಂಛನವನ್ನು ಪ್ರೇಕ್ಷಕರು ಒಂದು ಬಗೆಯಲ್ಲಿ ನೋಡಿದರೆ ನಾವು ಇನ್ನೊಂದು ಬಗೆಯಲ್ಲಿ ನೋಡುತ್ತಿದ್ದೆವು. ಸೆನ್ಸಾರ್ ಸರ್ಟಿಫಿಕೇಟು ದಾಟಿ ಕಂಪನಿಯ ಗುರುತು ಮುಗಿಯುವಷ್ಟರಲ್ಲಿ ಫೋಕಸ್ ಸರಿಮಾಡಬೇಕು, ಫ್ರೇಮಿನ ಗೆರೆ ಪರದೆಯ ಮೇಲೆ ಕಾಣದಂತೆ ಕೂರಿಸಬೇಕು, ಸೌಂಡು ಎಷ್ಟಿರಬೇಕೆಂದು ನಿರ್ಧರಿಸಬೇಕು. ಸಿಂಹದ ಕೇಸರ ಚೂಪಾಗಿ ಕಂಡರೆ ಲೆನ್ಸು ಸರಿಯಾಗಿದೆಯೆಂದು, ಗರ್ಜನೆ ಒಡೆಯದೆ ಕೇಳಿದರೆ ಧ್ವನಿ ಸರಿಯಾಗಿದೆಯೆಂದು ತಿಳಿಯುತ್ತಿತ್ತು.

ಇನ್ನೊಂದು ಮಾತು. 35 ಎಂಎಂ ಫಿಲ್ಮು ಒಂದು ಸೆಕೆಂಡಿಗೆ 24 ಫ್ರೇಮು ಓಡುತ್ತದೆ, ಒಂದು ಅಡಿಗೆ 16 ಫ್ರೇಮು. ಹತ್ತು ಸೆಕೆಂಡಿನ ಲಾಂಛನವೆಂದರೆ ಹದಿನೈದು ಅಡಿ ಫಿಲ್ಮು. ಪ್ರತಿ ಆಟಕ್ಕೂ ಪ್ರೊಜೆಕ್ಟರಿಗೆ ಪೋಣಿಸುವಾಗ ಕೈ ತಾಗುವುದು, ನೆಲ ತಾಗುವುದು, ಹಲ್ಲಿನ ಚಕ್ರಕ್ಕೆ ಸಿಕ್ಕಿ ಹರಿಯುವುದು ರೀಲಿನ ಮೊದಲ ಅಡಿಗಳೇ. ಹರಿದಷ್ಟನ್ನು ಕತ್ತರಿಸಿ ಅಂಟಿಸುತ್ತೇವೆ. ದೊಡ್ಡ ಊರುಗಳಲ್ಲಿ ಓಡಿ ಸವೆದ ಪ್ರಿಂಟು ಸಣ್ಣ ಊರಿಗೆ ಬರುವ ಹೊತ್ತಿಗೆ ಲಾಂಛನ ಅರ್ಧವೇ ಉಳಿದಿರುತ್ತಿತ್ತು, ಕೆಲವೊಮ್ಮೆ ಅದೂ ಇರುತ್ತಿರಲಿಲ್ಲ. ಗರ್ಜನೆಗಿಂತ ಗೀರುಗಳ ಚಟಪಟ ಸದ್ದೇ ಹೆಚ್ಚು ಕೇಳುತ್ತಿತ್ತು. ಇಂದು ಹಾರ್ಡ್ ಡಿಸ್ಕಿನಿಂದ ಬರುವ ಸಿಂಹ ಶಹಾಬಾದಿಗೂ ಲಂಡನ್ನಿಗೂ ಒಂದೇ. ಆ ಕಾರಣಕ್ಕೆ ನಾನು ಹೊಸದನ್ನು ಸುಲಭವಾಗಿ ತಳ್ಳಿಹಾಕಲಾರೆ.

ಯಾದಗಿರಿ ಮೇಷ್ಟ್ರು:
ಕಾಕಾ ಅವರ ಮಾತಿಗೆ ವಂದನೆಗಳು. ನನ್ನ ಕಳಕಳಿ ಪ್ರಾಣಿಯದು. ನಮ್ಮ ವಿದ್ಯಾರ್ಥಿಗಳ ಮೊಬೈಲುಗಳಲ್ಲಿ ಆಗಾಗ ಒಂದು ಫೋಟೋ ಸುತ್ತುತ್ತದೆ: ಸಿಂಹವೊಂದನ್ನು ಮೇಜಿಗೆ ಕಟ್ಟಿ ಮಲಗಿಸಿ, ಅದರ ತಲೆಯನ್ನು ದುಂಡನೆಯ ಯಂತ್ರದೊಳಗೆ ಇಟ್ಟಿದ್ದಾರೆ, ಎಂ.ಜಿ.ಎಂ. ಲಾಂಛನ ತೆಗೆದದ್ದು ಹೀಗೆ ಎಂದು ಕೆಳಗೆ ಬರೆದಿದ್ದಾರೆ. ಅದು ಶುದ್ಧ ಸುಳ್ಳು. ಇಸ್ರೇಲಿನ ಪಶುವೈದ್ಯರು ಅಸ್ವಸ್ಥ ಸಿಂಹವೊಂದಕ್ಕೆ ಸ್ಕ್ಯಾನ್ ಮಾಡಿಸುತ್ತಿದ್ದ ಚಿತ್ರವದು. ಲಾಂಛನ ಚಿತ್ರೀಕರಿಸಿದ ಮೇಲೆ ಸಿಂಹ ತನ್ನ ಪಾಲಕನನ್ನು ಕೊಂದಿತೆಂಬ ಕಥೆಗೂ ಆಧಾರವಿಲ್ಲ.

ಹಾಗೆಂದು ಆ ಪ್ರಾಣಿಗಳು ಸುಖವಾಗಿದ್ದವೆಂದು ತಿಳಿಯಬೇಕಿಲ್ಲ. 1927ರಲ್ಲಿ ಪ್ರಚಾರಕ್ಕಾಗಿ ಕಂಪನಿಯ ಸಿಂಹವನ್ನು ಗಾಜಿನ ಬೋನಿನಲ್ಲಿಟ್ಟು ವಿಮಾನದಲ್ಲಿ ಸಾಗಿಸುವಾಗ ವಿಮಾನ ಅರಿಜೋನಾದ ಬೆಟ್ಟಗಳಲ್ಲಿ ಬಿದ್ದಿತ್ತು. ಪೈಲಟನೂ ಸಿಂಹವೂ ಬದುಕಿದ್ದು ದೊಡ್ಡದು. ನಮ್ಮ ದೇಶದಲ್ಲಿ ಸಿಂಹ, ಹುಲಿ, ಕರಡಿ, ಕೋತಿ, ಚಿರತೆಗಳನ್ನು ಪ್ರದರ್ಶನಕ್ಕೆ ಪಳಗಿಸುವುದನ್ನು ಕೇಂದ್ರ ಸರ್ಕಾರ 1998ರಲ್ಲೇ ನಿಷೇಧಿಸಿತು, ಸುಪ್ರೀಂ ಕೋರ್ಟ್ 2001ರಲ್ಲಿ ಅದನ್ನು ಎತ್ತಿಹಿಡಿಯಿತು. ಅಂಥ ದೇಶದಲ್ಲಿ ಕುಳಿತು ನಿಜವಾದ ಸಿಂಹವೇ ಬೇಕೆಂದು ವಾದಿಸುವುದು ನನಗೆ ಸರಿಕಾಣುವುದಿಲ್ಲ.

ಪರದೆಪ್ರಿಯ, ಕಲಬುರಗಿ:
ಗುರುಗಳೇ, ಹೊಸ ಸಿಂಹವನ್ನು ಹಿಡಿದುತಂದು ಚಿತ್ರೀಕರಿಸಿ ಎಂದು ನಾನು ಕೇಳಲಿಲ್ಲ. ಲಿಯೋನ ಚಿತ್ರೀಕರಣ ಆರು ದಶಕಗಳ ಹಿಂದೆಯೇ ಮುಗಿದಿದೆ. ಅದನ್ನೇ ಶುದ್ಧಗೊಳಿಸಿ ಬಳಸಿದ್ದರೆ ಯಾವ ಪ್ರಾಣಿಗೂ ತೊಂದರೆಯಾಗುತ್ತಿರಲಿಲ್ಲ, ಅದು ಪಟ್ಟ ಶ್ರಮಕ್ಕೆ ಗೌರವವೂ ಸಲ್ಲುತ್ತಿತ್ತು.

ರೇಖೆ, ಕಲಬುರಗಿ:
ನಿಜವೆನ್ನುವುದನ್ನು ಚಿತ್ರಕ್ಕೆ ಮಾತ್ರ ಏಕೆ ಕಟ್ಟಿಹಾಕುತ್ತೀರಿ, ಸರ್? ನಿಮಗೆ ಪ್ರಿಯವಾದ ಗರ್ಜನೆಯನ್ನೇ ತೆಗೆದುಕೊಳ್ಳಿ. 1982ರಲ್ಲಿ ಮಾರ್ಕ್ ಮಾಂಜಿನಿ ಎಂಬ ಧ್ವನಿ ವಿನ್ಯಾಸಕರು ಅದನ್ನು ಸ್ಟೀರಿಯೋದಲ್ಲಿ ಹೊಸದಾಗಿ ಕಟ್ಟಿದಾಗ ಹುಲಿಗಳ ಧ್ವನಿಯನ್ನು ಬಳಸಿದರು, ಏಕೆಂದರೆ ಲಾಂಛನಕ್ಕೆ ಬೇಕಾದ ರೌದ್ರ ಸಿಂಹದ ಸಹಜ ಕೂಗಿನಲ್ಲಿ ಸಿಗಲಿಲ್ಲ. ಅಂದರೆ 1982ರಿಂದಲೇ ನಾವು ಕೇಳುತ್ತ ಬಂದದ್ದು ಸಿಂಹದ ಬಾಯಿಗೆ ಕೂರಿಸಿದ ಹುಲಿಯ ದನಿ. ಅದನ್ನು ಕೇಳಿ ಯಾರೂ ಮೋಸಹೋದೆವೆಂದು ದೂರಲಿಲ್ಲ. ಕೇಳುವ ಕಿವಿಗೆ ಒಪ್ಪಿದ ರಚನೆ ನೋಡುವ ಕಣ್ಣಿಗೆ ಏಕೆ ಒಪ್ಪಬಾರದು?

ಕ್ಯಾಬಿನ್ ಕಾಕಾ, ಶಹಾಬಾದ:
ಈ ಹುಡುಗಿಯ ಮಾತಿನಲ್ಲಿ ತೂಕವಿದೆ. ಚಿತ್ರದಲ್ಲಿ ಕೇಳುವ ಮಳೆ, ಹೊಡೆತ, ಕುದುರೆಯ ಓಟ ಎಲ್ಲವೂ ಸ್ಟುಡಿಯೋದಲ್ಲಿ ಮಾಡಿದ್ದೇ.

ಬೀದರ ಓದುಗಿ:
ತಡವಾಗಿ ಸೇರುತ್ತಿದ್ದೇನೆ, ಆದರೆ ಚರ್ಚೆ ನಿಜವೋ ಕೃತಕವೋ ಎಂಬಲ್ಲೇ ಸುತ್ತುತ್ತಿರುವುದರಿಂದ ಬೇರೊಂದು ದಾರಿ ಹಿಡಿಯುತ್ತೇನೆ. ನಮ್ಮ ಬೀದರ ಕೋಟೆಯ ಶರ್ಜಾ ದರವಾಜಾದ ಮೇಲೆ ಎರಡು ಹುಲಿಗಳ ಕೆತ್ತನೆಯಿದೆ. ಕೋಟೆ ಬಹಮನಿಗಳಿಂದ ಬರೀದಶಾಹಿಗಳಿಗೆ, ಬಿಜಾಪುರದವರಿಗೆ, ಮೊಗಲರಿಗೆ, ಕೊನೆಗೆ ನಿಜಾಮರಿಗೆ ಹೋಯಿತು. ಬಾಗಿಲಿನ ಹುಲಿಗಳನ್ನು ಯಾರೂ ಕೆತ್ತಿ ತೆಗೆಯಲಿಲ್ಲ. ಎಂ.ಜಿ.ಎಂ. ಕಥೆಯೂ ಹಾಗೆಯೇ ಇದೆ. 1986ರಲ್ಲಿ ಅಮೆರಿಕದ ಟಿ.ವಿ. ಉದ್ಯಮಿ ಟೆಡ್ ಟರ್ನರ್ ಕಂಪನಿಯನ್ನು ಕೊಂಡು ಸ್ವಲ್ಪ ಕಾಲದಲ್ಲೇ ಮಾರಿದರೂ ಹಳೆಯ ಚಿತ್ರಗಳ ಭಂಡಾರವನ್ನು ತಮ್ಮಲ್ಲೇ ಉಳಿಸಿಕೊಂಡರು. 1996ರಲ್ಲಿ ಅವರ ಸಂಸ್ಥೆ ಟೈಮ್ ವಾರ್ನರ್ ಜೊತೆ ಸೇರಿದಾಗ ಭಂಡಾರವೂ ವಾರ್ನರ್ ಕೈಗೆ ಹೋಯಿತು. ಆದರೂ 1939ರ 'ದಿ ವಿಝರ್ಡ್ ಆಫ್ ಓಝ್' ಇಂದಿಗೂ ತೆರೆದುಕೊಳ್ಳುವುದು ಜಾಕಿಯ ಗರ್ಜನೆಯಿಂದ. ಎಂ.ಜಿ.ಎಂ. ಹೆಸರಿನ ಕಂಪನಿಯನ್ನು 2022ರಲ್ಲಿ ಅಮೆಜಾನ್ ಸುಮಾರು 850 ಕೋಟಿ ಡಾಲರಿಗೆ ಕೊಂಡಿತು, ಸಿಂಹವೂ ಜೊತೆಗೆ ಹೋಯಿತು.

ಆದ್ದರಿಂದ ನನಗೆ ಮುಖ್ಯವೆನಿಸುವ ಪ್ರಶ್ನೆ ಹೊಸ ಚಿತ್ರಕ್ಕೆ ಯಾವ ಸಿಂಹ ಎನ್ನುವುದಲ್ಲ. ಹಳೆಯ ಚಿತ್ರದ ತಲೆಯ ಮೇಲಿನ ಹಳೆಯ ಗುರುತನ್ನು ತೆಗೆದು ಈಗಿನ ಒಡೆಯರು ತಮ್ಮ ಹೊಸ ಗುರುತನ್ನು ಅಂಟಿಸಬಹುದೇ ಎನ್ನುವುದು. ಟಿ.ವಿ., ವಿಡಿಯೋ ಪ್ರತಿಗಳಲ್ಲಿ ಹಲವು ಕಂಪನಿಗಳು ಇದನ್ನು ಮಾಡಿವೆ. ನಮ್ಮ ಕಡೆಯವರಿಗೆ ಇದು ದೂರದ ವಿಷಯವಲ್ಲ. ಚಿತ್ರ ಹಂಚಿಕೆಯ ಲೆಕ್ಕದಲ್ಲಿ ಕಲಬುರಗಿ, ಬೀದರಗಳು ನಿಜಾಮ್ ಪ್ರಾಂತ್ಯಕ್ಕೆ ಸೇರಿದ್ದರಿಂದ, ಹೈದರಾಬಾದಿನ ದಾರಿಯಲ್ಲಿ ಬಂದ ಹಿಂದಿ, ತೆಲುಗು ಕಂಪನಿಗಳ ಗುರುತುಗಳು ನಮ್ಮ ಹಿರಿಯರಿಗೆ ಬಾಯಿಪಾಠವಾಗಿದ್ದವು. ಪ್ರಭಾತ್ ಕಂಪನಿಯ ತುತ್ತೂರಿ ಊದುವ ಹೆಣ್ಣು, ನಿರ್ದೇಶಕ ಮೆಹಬೂಬ್ ಅವರ ಸುತ್ತಿಗೆ ಕುಡುಗೋಲು ಮತ್ತು ಅದರೊಂದಿಗೆ ಕೇಳಿಬರುವ, ದೇವರು ಬಯಸಿದ್ದೇ ಆಗುವುದೆಂಬ ಉರ್ದು ಸಾಲು, ಒಂದು ಕೈಯಲ್ಲಿ ನಾಯಕಿ ಇನ್ನೊಂದರಲ್ಲಿ ಪಿಟೀಲು ಹಿಡಿದ ಆರ್.ಕೆ. ಬ್ಯಾನರಿನ ಚಿತ್ರ. ದೇವರನ್ನು ನಂಬಿದ ನಿರ್ದೇಶಕರೊಬ್ಬರು ಕಾರ್ಮಿಕರ ಗುರುತನ್ನೂ ಆ ಸಾಲನ್ನೂ ಒಟ್ಟಿಗೆ ಇಟ್ಟರೆಂಬುದು ಆ ಕಾಲವನ್ನು ಅರಿಯಲು ದೊಡ್ಡ ಸಾಕ್ಷಿ. ಅದನ್ನು ಕತ್ತರಿಸಿ ಈಗಿನ ಯಾವುದೋ ವಾಹಿನಿಯ ಗುರುತು ಹಾಕಿದರೆ ಚರಿತ್ರೆಯ ಒಂದು ಪುಟವನ್ನೇ ಹರಿದಂತೆ.

ಯಾದಗಿರಿ ಮೇಷ್ಟ್ರು:
ಅಕ್ಕಾವರೇ, ಇದನ್ನು ಪೂರ್ಣವಾಗಿ ಒಪ್ಪುತ್ತೇನೆ. ಹಳೆಯ ಚಿತ್ರಕ್ಕೆ ಅದು ಬಿಡುಗಡೆಯಾದ ವರ್ಷದ ಗುರುತೇ ಇರಬೇಕು. ಈಗಿನ ಒಡೆಯರು ತಮ್ಮ ಹೆಸರನ್ನು ಅದಕ್ಕೂ ಮೊದಲು ಪ್ರತ್ಯೇಕವಾಗಿ ತೋರಿಸಿಕೊಳ್ಳಲಿ.

ರೇಖೆ, ಕಲಬುರಗಿ:
ನನಗೂ ಒಪ್ಪಿಗೆ. ಆದರೆ ಹೊಸ ಚಿತ್ರಕ್ಕೆ ಹೊಸ ಸಿಂಹ ಎಂಬ ನನ್ನ ನಿಲುವು ಹಾಗೆಯೇ ಇದೆ. ದೊಡ್ಡ ಡಿಜಿಟಲ್ ಪರದೆಯಲ್ಲಿ 1957ರ ಚಿತ್ರಿಕೆಯ ಕಾಳುಕಾಳು ರೂಪ, ಅದರ ಬೆನ್ನಲ್ಲೇ ಬರುವ ಇಂದಿನ ದೃಶ್ಯದ ನುಣುಪು, ಇವೆರಡರ ನಡುವೆ ಕಣ್ಣು ಎಡವುತ್ತದೆ.

ಪರದೆಪ್ರಿಯ, ಕಲಬುರಗಿ:
ಆ ಎಡವುವಿಕೆ ನನಗೆ ಬೇಕು, ತಂಗಿ. ಇಂದಿನ ಚಿತ್ರ ನೋಡುವ ಮುನ್ನ ಈ ಕಂಪನಿ ನನ್ನ ಅಜ್ಜನ ಕಾಲದಿಂದ ಚಿತ್ರ ಮಾಡುತ್ತ ಬಂದಿದೆ ಎಂದು ನನಗೆ ತಿಳಿಸುವುದು ಆ ಕಾಳುಕಾಳು ರೂಪವೇ. ನುಣುಪಾದ ಸಿಂಹಕ್ಕೆ ವಯಸ್ಸಿಲ್ಲ. ಆದರೆ ಹಳೆಯ ಚಿತ್ರಗಳ ವಿಷಯದಲ್ಲಿ ನಾವೆಲ್ಲರೂ ಒಂದೆಡೆ ಇರುವುದು ಸಂತೋಷ.

ಕ್ಯಾಬಿನ್ ಕಾಕಾ, ಶಹಾಬಾದ:
ಹಾಗಿದ್ದರೆ ನನ್ನದೊಂದು ಕೋರಿಕೆ, ಇದು ನಮ್ಮ ಕನ್ನಡದ ಹಳೆಯ ಚಿತ್ರಗಳನ್ನು ಡಿಜಿಟಲ್‌ಗೆ ತರುವವರಿಗೆ. ಸ್ಕ್ಯಾನ್ ಮಾಡುವಾಗ ಕಥೆ ಶುರುವಾಗುವಲ್ಲಿಂದ ಶುರುಮಾಡಬೇಡಿ. ಪ್ರಿಂಟಿನ ಮೊದಲ ಅಡಿಗಳು ಹರಿದುಹೋಗಿದ್ದರೆ ನೆಗೆಟಿವ್‌ನಲ್ಲಿ ಹುಡುಕಿ, ಅಲ್ಲೂ ಇಲ್ಲದಿದ್ದರೆ ಅದೇ ಬ್ಯಾನರಿನ ಅದೇ ಕಾಲದ ಇನ್ನೊಂದು ಚಿತ್ರದ ಪ್ರಿಂಟಿನಲ್ಲಿ ಹುಡುಕಿ. ಹಾಗೆ ಬೇರೆಡೆಯಿಂದ ತಂದಿದ್ದರೆ ಅದನ್ನು ಒಂದು ಸಾಲಿನಲ್ಲಿ ಪರದೆಯ ಮೇಲೆ ತಿಳಿಸಿ. ಗೀರು ಬಿದ್ದಿದ್ದರೂ ಚಿಂತೆಯಿಲ್ಲ, ಆ ಹದಿನೈದು ಅಡಿ ಇರಲಿ.