ಹತ್ತು ಗುಂಪಿಗೆ ಕಳಿಸಿ: ತೌರಾತ್ (ಮೋಶೆಗೆ ಕೊಟ್ಟ ಗ್ರಂಥ, ತೋರಾ) ಬಗ್ಗೆ ಬ್ಯಾಚ್ ಗ್ರೂಪಿನಲ್ಲಿ ನಡೆದ ಜಟಾಪಟಿ

ಗ್ರೂಪ್: 96ರ ಬ್ಯಾಚ್, ಬೆಂಗಳೂರು

ನಾಗರಾಜ್, ರಾತ್ರಿ 8:47
(ಚಿತ್ರ. ಹಲವು ಬಾರಿ ಫಾರ್ವರ್ಡ್ ಆಗಿದೆ)
"ತೌರಾತಿನಲ್ಲಿ ಮಾರ್ಗದರ್ಶನವೂ ಬೆಳಕೂ ಇದೆ ಅಂತ ಕುರ್‌ಆನ್ 5:44 ಹೇಳುತ್ತೆ. ಹಾಗಾದರೆ ತೌರಾತ್ ಕೆಟ್ಟುಹೋಗಿದೆ ಅನ್ನೋ ಮುಸಲ್ಮಾನ ತನ್ನ ಗ್ರಂಥವನ್ನೇ ಸುಳ್ಳು ಮಾಡಿದ ಹಾಗಾಯ್ತು. ಉತ್ತರವೇ ಇಲ್ಲದ ಪ್ರಶ್ನೆ! ಹತ್ತು ಗುಂಪಿಗೆ ಕಳಿಸಿ."

ಸುಮಾ, 8:49
ನಾಗ, ಧರ್ಮ ರಾಜಕೀಯ ಬೇಡ ಅಂತ ಗ್ರೂಪ್ ವಿವರದಲ್ಲೇ ಬರೆದಿದೀನಿ. ಲಾಲ್‌ಬಾಗ್ ವಾಕ್‌ಗೆ ಹೆಸರು ಕೊಡೋ ಅಂದ್ರೆ ಕೊಡಲ್ಲ, ಇದನ್ನ ತಂದು ಹಾಕ್ತೀಯ.

ನಾಗರಾಜ್, 8:50
ಜಗಳಕ್ಕಲ್ಲ ಕಣೆ. ಶಬಾನಾ, ಡೇವಿಡ್ ಇಬ್ರೂ ಇಲ್ಲೇ ಇದಾರಲ್ಲ, ತಿಳಿದೋರು ಹೇಳ್ಲಿ.

ಇಮ್ರಾನ್, 8:55
ಉತ್ತರ ರೆಡಿ ಇದೆ. (ಫಾರ್ವರ್ಡ್) "ಈಗಿನ ತೌರಾತಿನ ಒಂದಕ್ಷರವೂ ಅಸಲಿ ಅಲ್ಲ. ಸಾಕ್ಷಿ: ಕುರ್‌ಆನ್ 2:79."

ಶಬಾನಾ, 9:04
ಇಮ್ರಾನ್, ನಾಗನ ಪೋಸ್ಟರ್ ಎಷ್ಟು ಅರ್ಧಂಬರ್ಧವೋ ನಿಂದೂ ಅಷ್ಟೇ. 2:79 ಇರೋದು ತಾವೇ ಕೈಯಾರೆ ಬರೆದು, ಅದು ಅಲ್ಲಾಹನಿಂದ ಬಂದಿದ್ದು ಅಂತ ಹೇಳಿ, ಪುಡಿಗಾಸಿಗೆ ಮಾರೋರ ಬಗ್ಗೆ. ಒಂದಕ್ಷರವೂ ಉಳಿದಿಲ್ಲ ಅಂತ ಅದರಲ್ಲಿ ಎಲ್ಲೂ ಇಲ್ಲ.

ನಾಗ, ನಿನ್ನ ಪೋಸ್ಟರ್ 5:44ರ (5ನೇ ಅಧ್ಯಾಯ, 44ನೇ ಸೂಕ್ತ) ಅರ್ಧ ಸಾಲು ಕತ್ತರಿಸಿಕೊಂಡಿದೆ. ಆ ಭಾಗ ಶುರುವಾಗೋದು 5:41ಕ್ಕೆ, ಮುಗಿಯೋದು 5:48ಕ್ಕೆ. ಎಂಟು ಸೂಕ್ತ, ಒಂದೇ ಉಸಿರಲ್ಲಿ ಓದಬೇಕು. 41ರಲ್ಲಿ ಮಾತುಗಳನ್ನ ಜಾಗ ತಪ್ಪಿಸೋರ ಮೇಲೆ ಆಕ್ಷೇಪ. 43ರಲ್ಲಿ "ತೌರಾತ್ ಅವರ ಹತ್ರಾನೇ ಇದೆ, ಅದರಲ್ಲಿ ಅಲ್ಲಾಹನ ತೀರ್ಪು ಇದೆ, ಆದ್ರೂ ನಿನ್ನನ್ನ ಯಾಕೆ ತೀರ್ಪು ಕೇಳ್ತಾರೆ" ಅನ್ನೋ ಪ್ರಶ್ನೆ. 44ರಲ್ಲಿ ಬೆಳಕು. 46ರಲ್ಲಿ ಈಸಾ (ಅ), ಅಂದ್ರೆ ಯೇಸು, ತೌರಾತನ್ನ ಸತ್ಯ ಅಂತ ದೃಢಪಡಿಸಿದ್ದು. ಕೊನೆಗೆ 48: ಕುರ್‌ಆನ್ ಹಿಂದಿನ ಗ್ರಂಥವನ್ನ ದೃಢಪಡಿಸುತ್ತೆ, ಜೊತೆಗೆ ಅದರ ಮೇಲೆ ಕಾವಲೂ ಇರುತ್ತೆ. ಅದೇ ಸೂಕ್ತದಲ್ಲಿ "ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಧರ್ಮಶಾಸನ, ಒಂದು ದಾರಿ ಮಾಡಿಕೊಟ್ಟಿದೀವಿ" ಅಂತಾನೂ ಇದೆ. ಪೋಸ್ಟರ್ 44ಕ್ಕೆ ನಿಂತುಬಿಡ್ತು, ಇಮ್ರಾನನ ಕಡೆಯವರು 41ಕ್ಕೆ ನಿಂತುಬಿಡ್ತಾರೆ. 48ರ ತನಕ ಯಾರೂ ಬರಲ್ಲ.

ಡೇವಿಡ್, 9:11
ಪೋಸ್ಟರ್ ಭಾಷೆ ನನಗೂ ಹಿಡಿಸಲಿಲ್ಲ. ಪ್ರಶ್ನೆ ಮಾತ್ರ ಗಟ್ಟಿ ಇದೆ ಶಬಾನಾ. 43 ವರ್ತಮಾನದಲ್ಲಿ ಮಾತಾಡುತ್ತೆ, "ಅವರ ಹತ್ರ ಇದೆ" ಅಂತ. ಅದು ಏಳನೇ ಶತಮಾನದ ಮದೀನಾ. ಆಗ ಯಹೂದಿಗಳ ಕೈಯಲ್ಲಿದ್ದ ತೌರಾತ್ ಯಾವುದು? 1947ರಿಂದ ಮೃತ ಸಮುದ್ರದ ಪಕ್ಕದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಸುರುಳಿಗಳು ಕ್ರಿಸ್ತಪೂರ್ವ ಮೂರನೇ ಶತಮಾನದಿಂದ ಕ್ರಿಸ್ತಶಕ ಒಂದನೇ ಶತಮಾನದವು. ಐದು ಕಾಂಡಗಳೂ ಅವುಗಳಲ್ಲಿವೆ. ಅಂದ್ರೆ ಪ್ರವಾದಿಯವರ ಕಾಲಕ್ಕಿಂತ ಎಷ್ಟೋ ಮುಂಚೇನೇ ಈಗಿನ ಪಠ್ಯ ಇತ್ತು.

ಶಬಾನಾ, 9:19
ಒಪ್ಪಿದೆ. ಕುರ್‌ಆನ್ ಬಂದ ಮೇಲೆ ಯಾರೋ ಕೂತು ತೌರಾತ್ ತಿದ್ದಿದರು ಅನ್ನೋದನ್ನ ನಮ್ಮ ದೊಡ್ಡ ವಿದ್ವಾಂಸರು ಹೇಳೋದೇ ಇಲ್ಲ. ತಿದ್ದುಪಡಿ ವಾದದಲ್ಲಿ ಎಲ್ಲರಿಗಿಂತ ಕಟು ಅಂದ್ರೆ ಕೊರ್ಡೋಬಾದ ಇಬ್ನ್ ಹಝ್ಮ್ (994–1064). ಅವರೂ ಬೆರಳು ತೋರಿಸೋದು ಯೆರೂಸಲೇಮಿನ ದೇವಾಲಯ ನಾಶ, ಯಹೂದಿ ಶಾಸ್ತ್ರಿ ಎಜ್ರನ ಕಾಲದ ಕಡೆಗೆ, ಅಂದ್ರೆ ಕುರ್‌ಆನಿಗಿಂತ ಬಹಳ ಹಿಂದೆ.

ಆದ್ರೆ ಕುಮ್ರಾನ್ ನಿನ್ನ ಪರವಾಗಿ ಮಾತ್ರ ಸಾಕ್ಷಿ ಹೇಳಲ್ಲ. ಧರ್ಮೋಪದೇಶಕಾಂಡ 32:8 ತೆಗಿ. ಸಾಂಪ್ರದಾಯಿಕ ಹೀಬ್ರೂ ಪ್ರತಿಯಲ್ಲಿ "ಇಸ್ರಾಯೇಲನ ಮಕ್ಕಳ ಸಂಖ್ಯೆಗೆ ತಕ್ಕಂತೆ", ಕುಮ್ರಾನಿನ ತುಣುಕಿನಲ್ಲಿ "ದೇವರ ಮಕ್ಕಳು". ಸಮಾರ್ಯದವರ ತೌರಾತ್ ಇನ್ನೊಂದು ಥರ ಇದೆ, ಆರಾಧನೆಯ ಬೆಟ್ಟ ಗೆರಿಜೀಮ್ ಅನ್ನುತ್ತೆ. ಪಾಠಾಂತರ ಇದೆ, ಹಾಗಂತ ಪೂರ್ತಿ ನಾಶ ಆಗಿಲ್ಲ. ಇವೆರಡೂ ಒಟ್ಟಿಗೇ ನಿಜ.

ನಾಗರಾಜ್, 9:21
ಒಂದ್ ನಿಮಿಷ. ತೌರಾತ್ ಅಂದ್ರೆ ಬೈಬಲ್ ಅಲ್ವಾ?

ಡೇವಿಡ್, 9:24
ಅಲ್ಲ ಗುರು. ಹಳೆ ಒಡಂಬಡಿಕೆಯ ಮೊದಲ ಐದು ಪುಸ್ತಕ: ಆದಿಕಾಂಡ 50 ಅಧ್ಯಾಯ, ವಿಮೋಚನಕಾಂಡ 40, ಯಾಜಕಕಾಂಡ 27, ಅರಣ್ಯಕಾಂಡ 36, ಧರ್ಮೋಪದೇಶಕಾಂಡ 34. ಒಟ್ಟು 187. ಕೀರ್ತನೆಗಳು ಅದರಲ್ಲಿಲ್ಲ, ಅದನ್ನ ಇವರು ಝಬೂರ್ ಅಂತಾರೆ, ದಾವೂದರಿಗೆ ಕೊಟ್ಟಿದ್ದು. ಸುವಾರ್ತೆ ಇಂಜೀಲ್. ಪೋಸ್ಟರ್ ಮಾಡೋರು ಮೂರನ್ನೂ ಕಲಸಿ "ಬೈಬಲ್" ಅಂತ ಒಂದೇ ಚೀಲಕ್ಕೆ ಹಾಕ್ತಾರೆ, ಅಲ್ಲಿಂದ ಅರ್ಧ ಗೊಂದಲ ಶುರು.

ಶಬಾನಾ, 9:26
ಇನ್ನೊಂದು ಸೇರಿಸ್ತೀನಿ. ನಮ್ಮ ನಂಬಿಕೆ ಪ್ರಕಾರ ತೌರಾತ್ ಅಂದ್ರೆ ಮೂಸಾ (ಅ), ಅಂದ್ರೆ ನಿಮ್ಮ ಮೋಶೆ, ಅವರಿಗೆ ಕೊಟ್ಟ ದೈವವಾಣಿ. ನಿಮ್ಮ ಐದು ಕಾಂಡಗಳಲ್ಲಿ ಅದರ ಜೊತೆಗೆ ಇತಿಹಾಸ ಇದೆ, ವಂಶಾವಳಿ ಇದೆ, ಧರ್ಮೋಪದೇಶಕಾಂಡ 34ರಲ್ಲಿ ಮೂಸಾ ತೀರಿಕೊಂಡು ಅವರನ್ನ ಹೂಳಿದ ವರದಿಯೂ ಇದೆ. ಕೊನೇ ಎಂಟು ವಚನ ಯೆಹೋಶುವ ಬರೆದಿದ್ದು ಅನ್ನೋ ಅಭಿಪ್ರಾಯ ಯಹೂದಿಗಳದೇ ಧರ್ಮಚರ್ಚೆಯ ಗ್ರಂಥ ತಾಲ್ಮುದ್‌ನಲ್ಲೇ ಇದೆ. ಹಾಗಾಗಿ "ಈ ಐದು ಪುಸ್ತಕ ಅಂದ್ರೆ ಪೂರ್ತಿ ತೌರಾತ್" ಅನ್ನೋದೂ ಸರಿ ಕೂರಲ್ಲ, "ಇದರಲ್ಲಿ ತೌರಾತೇ ಇಲ್ಲ" ಅನ್ನೋದೂ ಕೂರಲ್ಲ.

ನಾಗರಾಜ್, 9:28
ಅಂದ್ರೆ ಮದರ್ ಡೀಡ್ ಕಳೆದಿದೆ, ನಕಲು ಪ್ರತಿ ಇದೆ, ಮಧ್ಯೆ ಯಾರೋ ಪಟ್ಟಿ ಸೇರಿಸಿದಾರೆ. ಬೆಂಗಳೂರಲ್ಲಿ ಅರ್ಧ ಸೈಟು ಹಂಗೇ ಇದಾವೆ 😄

ಇಮ್ರಾನ್, 9:33
ಶಬಾನಾ, ನೀನು ಮೆತ್ತಗೆ ಹೇಳ್ತಿದೀಯ. ಇಬ್ನ್ ಹಝ್ಮ್ ಪುಟಗಟ್ಟಲೆ ವಿರೋಧಾಭಾಸ ಪಟ್ಟಿ ಮಾಡಿದಾರೆ: ಲೆಕ್ಕ ಕೂಡಲ್ಲ, ವಯಸ್ಸು ಕೂಡಲ್ಲ. ನಮ್ಮ ದೇಶದಲ್ಲೇ ರಹಮತುಲ್ಲಾ ಕೈರಾನವಿ 1854ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ಪಾದ್ರಿ ಫಾಂಡರ್ ಜೊತೆ ಇದೇ ವಿಷಯಕ್ಕೆ ಬಹಿರಂಗ ಚರ್ಚೆ ಮಾಡಿದ್ರು. ಪಠ್ಯವೇ ಬದಲಾಗಿದೆ ಅನ್ನೋದು ಅವರ ವಾದ. ಅದೆಲ್ಲ ಸುಳ್ಳಾ?

ಶಬಾನಾ, 9:47
ಸುಳ್ಳು ಅಂತ ಯಾರು ಹೇಳಿದ್ರು? ಅದು ಒಂದು ಪಕ್ಷ. ಇನ್ನೊಂದು ಪಕ್ಷಾನೂ ಅಷ್ಟೇ ಹಳೇದು. "ಅಲ್ಲಾಹನ ಗ್ರಂಥದ ಪದವನ್ನ ಯಾರೂ ಅಳಿಸಲಾರರು, ಅವರು ಅದನ್ನ ಸಲ್ಲದ ರೀತಿಯಲ್ಲಿ ವ್ಯಾಖ್ಯಾನ ಮಾಡ್ತಾರೆ" ಅನ್ನೋ ಅರ್ಥದ ಮಾತು ಹದೀಸ್ (ಪ್ರವಾದಿಯವರ ಮಾತು-ನಡೆಗಳ ವರದಿ) ಸಂಗ್ರಹವಾದ ಬುಖಾರಿಯಲ್ಲೇ ಇದೆ. ದೆಹಲಿಯ ಶಾಹ್ ವಲಿಯುಲ್ಲಾ (1703–1762) ಏನು ಹೇಳಿದ್ರು? ತಿದ್ದುಪಡಿ ಆಗಿದ್ದು ಅನುವಾದ, ವಿವರಣೆಗಳಲ್ಲಿ, ಮೂಲ ತೌರಾತಿನಲ್ಲಲ್ಲ ಅಂತ. ಸರ್ ಸೈಯದ್ ಅಹ್ಮದ್ ಖಾನ್ 1860ರ ದಶಕದಲ್ಲಿ ಬೈಬಲ್ಲಿಗೇ ವ್ಯಾಖ್ಯಾನ ಬರೆಯೋಕೆ ಕೂತರು, ಅವರದೂ ಹೆಚ್ಚುಕಮ್ಮಿ ಇದೇ ನಿಲುವು. ವಿದ್ವಾಂಸ ಇಬ್ನ್ ತೈಮಿಯಾ ಎರಡು ಅತಿಗಳನ್ನೂ ಬಿಟ್ಟು ಮಧ್ಯೆ ನಿಂತರು. ಸಾವಿರ ವರ್ಷದಿಂದ ಮುಗಿಯದ ಚರ್ಚೆಯನ್ನ ನಿನ್ನ ಫಾರ್ವರ್ಡ್ ಒಂದು ಸಾಲಲ್ಲಿ ಮುಗಿಸಿಬಿಟ್ಟಿದೆ, ನನ್ನ ತಕರಾರು ಅಷ್ಟೇ.

ಈಗ ಹದೀಸೊಂದನ್ನ ಹತ್ತಿರದಿಂದ ನೋಡು, ಬುಖಾರಿ, ಸಹೀಹ್ ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಇದೆ. ವ್ಯಭಿಚಾರದ ಪ್ರಕರಣ, ಯಹೂದಿಗಳು ಪ್ರವಾದಿ (ಸ) ಹತ್ರ ಬಂದ್ರು. "ನಿಮ್ಮ ತೌರಾತಿನಲ್ಲಿ ಏನಿದೆ?" "ಅವಮಾನ ಮಾಡಿ ಚಾಟಿ ಹೊಡೀತೀವಿ." ಯಹೂದಿಯಾಗಿದ್ದು ಇಸ್ಲಾಮಿಗೆ ಬಂದ ಅಬ್ದುಲ್ಲಾ ಬಿನ್ ಸಲಾಮ್ ಎದ್ದು "ಸುಳ್ಳು, ಅದರಲ್ಲಿ ಕಲ್ಲೆಸೆತ ಇದೆ" ಅಂದ್ರು. ಗ್ರಂಥ ತಂದು ಬಿಚ್ಚಿದ್ರು. ಓದೋನು ಆ ವಚನದ ಮೇಲೆ ಅಂಗೈ ಇಟ್ಟು ಅದರ ಹಿಂದಿನದು, ಮುಂದಿನದು ಓದಿದ. "ಕೈ ಎತ್ತು" ಅಂದ್ರು. ಎತ್ತಿದ. ಕೆಳಗೆ ವಚನ ಇತ್ತು.

ಅಳಿಸಿರಲಿಲ್ಲ ಇಮ್ರಾನ್, ಮುಚ್ಚಿದ್ದ. ಇವತ್ತಿಗೂ ಇದೆ: ಯಾಜಕಕಾಂಡ 20:10ರಲ್ಲಿ ಮರಣದಂಡನೆ, ವಿಧಾನ ಹೇಳಿಲ್ಲ. ಧರ್ಮೋಪದೇಶಕಾಂಡ 22:24ರಲ್ಲಿ, ನಿಶ್ಚಿತಾರ್ಥ ಆದವಳ ಪ್ರಕರಣದಲ್ಲಿ, ಕಲ್ಲೆಸೆತ ಅಂತಾನೇ ಇದೆ. ಕುರ್‌ಆನ್ 6:91 ದೂರೋದೂ ಇದನ್ನೇ: ಮೂಸಾ ತಂದ ಗ್ರಂಥವನ್ನ ಹಾಳೆ ಹಾಳೆ ಮಾಡಿ ಕೆಲವನ್ನ ತೋರಿಸ್ತೀರಿ, ಬಹಳಷ್ಟನ್ನ ಬಚ್ಚಿಡ್ತೀರಿ ಅಂತ.

ಡೇವಿಡ್, 9:52
ಇದು ಚೆನ್ನಾಗಿದೆ. ಹಾಗಿದ್ರೆ ಹೋಲಿಸಿ ನೋಡೋದು ಹೇಗೆ ಅಂತಾನೂ ಹೇಳು.

ಶಬಾನಾ, 10:06
ಸುಲಭದ್ದು ಮೊದಲು. 5:45 ಓದು: ಪ್ರಾಣಕ್ಕೆ ಪ್ರಾಣ, ಕಣ್ಣಿಗೆ ಕಣ್ಣು, ಮೂಗು, ಕಿವಿ, ಹಲ್ಲು. ಆಮೇಲೆ ವಿಮೋಚನಕಾಂಡ 21:23–25: ಪ್ರಾಣ, ಕಣ್ಣು, ಹಲ್ಲು, ಕೈ, ಕಾಲು, ಸುಟ್ಟಗಾಯ, ಬಾಸುಂಡೆ. ನಿಯಮ ಒಂದೇ, ಪಟ್ಟಿ ಬೇರೆ. ಕುರ್‌ಆನ್ ಕೊನೆಗೆ ಒಂದು ಮಾತು ಸೇರಿಸುತ್ತೆ: ಯಾರಾದ್ರೂ ಕ್ಷಮಿಸಿ ಬಿಟ್ಟುಕೊಟ್ಟರೆ ಅದು ಅವರ ಪಾಪಕ್ಕೆ ಪ್ರಾಯಶ್ಚಿತ್ತ.

ಆಹಾರದ್ದು ಇನ್ನೂ ಸೊಗಸು. ತೌರಾತ್ ಬರೋ ಮುಂಚೆ ಇಸ್ರಾಈಲ್ (ಅಂದ್ರೆ ಯಾಕೋಬ) ತನಗೆ ತಾನೇ ನಿಷೇಧಿಸಿಕೊಂಡಿದ್ದು ಬಿಟ್ಟು ಎಲ್ಲ ಆಹಾರವೂ ಧರ್ಮಸಮ್ಮತ ಆಗಿತ್ತು ಅಂತ 3:93 ಹೇಳಿ, "ತೌರಾತ್ ತನ್ನಿ, ಓದಿ" ಅಂತ ಸವಾಲು ಹಾಕುತ್ತೆ. ಕೆಟ್ಟುಹೋದ ದಾಖಲೆಯನ್ನ ಯಾರೂ ಸಾಕ್ಷಿಗೆ ತನ್ನಿ ಅನ್ನಲ್ಲ. ಯಾಕೋಬ ಮತ್ತು ತೊಡೆಯ ಸ್ನಾಯುವಿನ ವಿಷಯ ಆದಿಕಾಂಡ 32:32ರಲ್ಲಿ, ಒಂಟೆ ನಿಷೇಧ ಯಾಜಕಕಾಂಡ 11:4ರಲ್ಲಿ. ಕೊಬ್ಬಿನ ನಿಷೇಧ 6:146ರಲ್ಲೂ ಇದೆ, ಯಾಜಕಕಾಂಡ 7:23ರಲ್ಲೂ ಇದೆ.

ಎಡವೋದು ಎಲ್ಲಿ ಅಂದ್ರೆ 5:32. "ಒಬ್ಬನನ್ನ ಕೊಂದರೆ ಇಡೀ ಮನುಕುಲವನ್ನ ಕೊಂದ ಹಾಗೆ" ಅಂತ ಇಸ್ರಾಈಲರಿಗೆ ವಿಧಿಸಿದ್ವಿ ಅಂತ ಇದೆ. ಐದು ಕಾಂಡಗಳಲ್ಲಿ ಹುಡುಕಿದ್ರೆ ಸಿಗಲ್ಲ. ಇದನ್ನ ಹೋಲೋ ಮಾತು ಇರೋದು ಯಹೂದಿಗಳ ಧರ್ಮನಿಯಮ ಸಂಗ್ರಹವಾದ ಮಿಶ್ನಾದ ಸನ್ಹೆದ್ರಿನ್ 4:5ರಲ್ಲಿ. ಕುರ್‌ಆನ್ ಕೂಡ ಅಲ್ಲಿ ತೌರಾತಿನ ಹೆಸರು ಎತ್ತಿಲ್ಲ. ತೌರಾತ್ ಅನ್ನೋ ಹೆಸರು ಇರೋದೇ 18 ಕಡೆ, ಇಲ್ಲದ ಕಡೆ ನಾವಾಗೇ ತುರುಕಬಾರದು.

ಡೇವಿಡ್, 10:12
ಹೊಂದೋದು ಹೊಂದಲಿ. ಹೊಂದದೇ ಇರೋದು? ವಿಮೋಚನಕಾಂಡ 32ರಲ್ಲಿ ಚಿನ್ನದ ಕರು ಮಾಡಿದ್ದು ಆರೋನ, ಕುರ್‌ಆನಿನ 20ನೇ ಅಧ್ಯಾಯದಲ್ಲಿ ಸಾಮಿರಿ ಅನ್ನೋ ಬೇರೊಬ್ಬ. ಮೋಶೆಯನ್ನ ನೀರಿಂದ ಎತ್ತಿಕೊಂಡವಳು ನಮ್ಮಲ್ಲಿ ಫರೋಹನ ಮಗಳು, ನಿಮ್ಮಲ್ಲಿ 28:9ರಲ್ಲಿ ಮಗುವನ್ನ ಉಳಿಸೋದು ಅವನ ಹೆಂಡತಿ.

ಶಬಾನಾ, 10:20
ಅಲ್ಲಿ 5:48ರ ಕಾವಲು ಕೆಲಸಕ್ಕೆ ಬರುತ್ತೆ. ಕುರ್‌ಆನ್ ವ್ಯಾಖ್ಯಾನಕಾರ ಇಬ್ನ್ ಕಸೀರ್ (ನಿಧನ 1373) ಕೊಟ್ಟ ಜರಡಿ ಇದು: ಕುರ್‌ಆನಿಗೆ ಹೊಂದಿದ್ದನ್ನ ಒಪ್ಪು, ವಿರುದ್ಧ ಇದ್ದದ್ದನ್ನ ಬಿಡು, ಕುರ್‌ಆನ್ ಮೌನ ಇದ್ದ ಕಡೆ ಹೌದೂ ಅನ್ನಬೇಡ, ಅಲ್ಲಾನೂ ಅನ್ನಬೇಡ. ಹಾರೂನ್ (ಅ), ಅಂದ್ರೆ ನಿಮ್ಮ ಆರೋನ, ಪ್ರವಾದಿ, ಪ್ರವಾದಿ ವಿಗ್ರಹ ಎರಕ ಹೊಯ್ಯಲ್ಲ. 20:90ರಲ್ಲಿ ಅವರು ಜನರನ್ನ ತಡೆದ ಮಾತೇ ಇದೆ. ಅದಕ್ಕೆ ಆ ಭಾಗವನ್ನ ಮುಸ್ಲಿಮರು ಒಪ್ಪಲ್ಲ.

ಮೂರನೇ ಬಗೆಯಲ್ಲಿ, ಅಂದ್ರೆ ಕುರ್‌ಆನ್ ಮೌನ ಇದ್ದ ಕಡೆ, ನಮ್ಮವರೂ ಜಾರಿದಾರೆ. ವಿಮೋಚನಕಾಂಡ 12:37ರಲ್ಲಿ ಹೊರಟ ಗಂಡಸರೇ ಸುಮಾರು 6 ಲಕ್ಷ. ಕುರ್‌ಆನ್ 26:54ರಲ್ಲಿ ಫಿರ್‌ಔನ್ (ಫರೋಹ) ಅವರನ್ನ "ಸಣ್ಣ ಗುಂಪು" ಅಂತಾನೆ. ಕುರ್‌ಆನಿಗೆ ಬರೆದ ಹಳೇ ವ್ಯಾಖ್ಯಾನಗಳು, ಅಂದ್ರೆ ತಫ್ಸೀರ್‌ಗಳು ಎರಡನ್ನೂ ಸರಿಮಾಡೋಕೆ ಹೋಗಿ, ಲಕ್ಷಗಟ್ಟಲೆ ಲೆಕ್ಕ ಇಟ್ಟುಕೊಂಡೇ ಫಿರ್‌ಔನನ ಸೈನ್ಯವನ್ನ ಇನ್ನೂ ಉಬ್ಬಿಸಿದವು. ಆ ಸಂಖ್ಯೆ ನಂಬೋ ಹಾಗಿಲ್ಲ ಅಂತ ನೇರವಾಗಿ ಬರೆದೋರು ಇತಿಹಾಸಕಾರ ಇಬ್ನ್ ಖಲ್ದೂನ್.

ಡೇವಿಡ್, 10:24
ಹೊರಗಿನಿಂದ ನೋಡೋನಿಗೆ ಇದು ಸುತ್ತುವಾದ ಅಲ್ವಾ? ಆರೋನನ ಸೋಲನ್ನ ಮುಚ್ಚದೇ ಬರೆದಿರೋದೇ ತೋರಾದ ಪ್ರಾಮಾಣಿಕತೆ ಅಂತ ನಾವಂತೀವಿ. ನೀನು ಕುರ್‌ಆನಿಂದ ಅದನ್ನ ಅಳೀತೀಯ, ಆಮೇಲೆ ತೋರಾ ಕುರ್‌ಆನನ್ನ ದೃಢಪಡಿಸುತ್ತೆ ಅಂತೀಯ.

ಶಬಾನಾ, 10:31
ಹೊರಗಿನೋರಿಗೆ ಹಾಗೇ ಕಾಣುತ್ತೆ, ಕಾಣಲಿ. ನಾವು ತೌರಾತ್ ಮೂಲಕ ಕುರ್‌ಆನಿಗೆ ಬಂದೋರಲ್ಲ. ಕುರ್‌ಆನ್ ಹೇಳಿತು ಅಂತ ತೌರಾತನ್ನ ನಂಬ್ತೀವಿ, ನಂಬಿಕೆ ಹರಿಯೋ ದಿಕ್ಕು ಅದು. ಪೋಸ್ಟರ್ ತಪ್ಪಿರೋದೂ ಅಲ್ಲೇ. ಮೊದಲು ಈಗಿನ ಐದು ಕಾಂಡ ಪೂರ್ತಿ ಒಪ್ಪು, ಆಮೇಲೆ ಕುರ್‌ಆನನ್ನ ಅದರಿಂದ ಅಳಿ ಅನ್ನುತ್ತೆ. 5:44 ಆ ಕೆಲಸ ಯಾರಿಗೂ ಹೇಳಿಲ್ಲ.

ಡೇವಿಡ್, 10:33
10:94? "ಸಂಶಯ ಇದ್ದರೆ ನಿನಗಿಂತ ಮುಂಚೆ ಗ್ರಂಥ ಓದ್ತಿರೋರನ್ನ ಕೇಳು" ಅಂತ.

ಶಬಾನಾ, 10:37
ಕುರ್‌ಆನ್ ವ್ಯಾಖ್ಯಾನಕಾರ ತಬರಿ (ನಿಧನ 923) ಅದನ್ನ "ಇದ್ದರೆ" ಅನ್ನೋ ಷರತ್ತಿನ ಮಾತು ಅಂತಲೇ ಓದ್ತಾರೆ. "ನನಗೆ ಸಂಶಯವೂ ಇಲ್ಲ, ಕೇಳೋದೂ ಇಲ್ಲ" ಅಂತ ಪ್ರವಾದಿ (ಸ) ಅಂದ ವರದಿಯನ್ನೂ ಕೊಡ್ತಾರೆ. ಆದ್ರೂ ಒಂದು ಒಪ್ತೀನಿ: ಕೇಳಿದ್ರೆ ಉತ್ತರ ಕೊಡೋಷ್ಟು ವಿಷಯ ಅವರ ಹತ್ರ ಇತ್ತು ಅನ್ನೋದು ಆ ಸೂಕ್ತದ ಹಿಂದೆ ಇದ್ದೇ ಇದೆ. ಇಮ್ರಾನ್, ಇದಕ್ಕೆ ನಿನ್ನ ಫಾರ್ವರ್ಡ್ ಹತ್ರ ಉತ್ತರ ಇಲ್ಲ.

ಇಮ್ರಾನ್, 10:39
ಮೂಲ ವಿಷಯ ಇತ್ತು ಅನ್ನೋದನ್ನ ನಾನೂ ಅಲ್ಲಗಳೆಯಲ್ಲ. ಈಗಿನ ಪಠ್ಯವನ್ನ ನಂಬಿ ಕಾನೂನು ಮಾಡಬಾರದು ಅಂತೀನಿ. ಅದನ್ನ ಬಿಡಲ್ಲ.

ಗೋಪಾಲ್ ಮೇಷ್ಟ್ರು, 10:44
ಎಲ್ಲ ಓದಿದೆ ಮಕ್ಕಳೇ. ಹಾಗಾದರೆ ಮುಸ್ಲಿಮರ ಮನೆಯಲ್ಲಿ ತೌರಾತ್ ಓದಬಹುದೋ, ಬಾರದೋ? ನನಗೆ ತಿಳಿಯಬೇಕಾದ್ದು ಇಷ್ಟು.

ಶಬಾನಾ, 10:58
ಸರ್, ಎರಡು ಕಡೆಗೂ ಆಧಾರ ಇದೆ. ಉಮರ್ (ರ) ತೌರಾತಿನ ಹಾಳೆ ತಂದು ಓದಿದಾಗ ಪ್ರವಾದಿ (ಸ) ಕೋಪಿಸಿಕೊಂಡರು ಅನ್ನೋ ವರದಿ ಹದೀಸ್ ಸಂಗ್ರಹ ಮುಸ್ನದ್ ಅಹ್ಮದ್‌ನಲ್ಲಿದೆ, ಅದರ ವರದಿಗಾರರ ಸರಣಿ ಬಗ್ಗೆ ಚರ್ಚೆ ಇದೆ. ಇನ್ನೊಂದು ಕಡೆ, "ಬನೀ ಇಸ್ರಾಈಲರಿಂದ ವರದಿ ಮಾಡಿ, ತೊಂದರೆ ಇಲ್ಲ" ಅನ್ನೋದು ಬುಖಾರಿಯಲ್ಲಿದೆ. ಅದೇ ಬುಖಾರಿಯಲ್ಲಿ, ಯಹೂದಿಗಳು ಹೀಬ್ರೂ ಓದಿ ಅರಬಿಯಲ್ಲಿ ವಿವರಿಸ್ತಿದ್ದಾಗ "ಅವರನ್ನ ನಂಬಲೂ ಬೇಡಿ, ಸುಳ್ಳು ಅನ್ನಲೂ ಬೇಡಿ" ಅಂದಿದ್ದೂ ಇದೆ. ವಾಡಿಕೆಯಲ್ಲಿ ಉಲಮಾಗಳು ಹೇಳೋದು: ಕುರ್‌ಆನ್ ಸರಿಯಾಗಿ ತಿಳಿಯದ ಎಳೆಯರಿಗೆ ಬೇಡ, ವಿದ್ವಾಂಸರಿಗೆ ಅಡ್ಡಿ ಇಲ್ಲ. ಹದಿನೈದನೇ ಶತಮಾನದಲ್ಲಿ ಅಲ್ ಬಿಕಾಈ ತಮ್ಮ ತಫ್ಸೀರ್‌ಗೆ ಬೈಬಲ್ ಭಾಗಗಳನ್ನ ನೇರವಾಗಿ ಎತ್ತಿಕೊಂಡರು. ಕೈರೋದಲ್ಲಿ ಸಖಾವಿ ಅವರ ಮೇಲೆ ಹರಿಹಾಯ್ದರು. ಬಿಕಾಈ ಸುಮ್ಮನಿರಲಿಲ್ಲ, ತಮ್ಮ ಸಮರ್ಥನೆಗೆ ಬೇರೆ ಪುಸ್ತಕವೇ ಬರೆದರು.

ಮನೇಲಿ ಇಡೋದಕ್ಕೆ ಸಂಬಂಧಿಸಿ: ಪ್ರವಾದಿ (ಸ) ಎದುರಿಗೆ ತೌರಾತ್ ತಂದಾಗ ತಾವು ಕೂತಿದ್ದ ದಿಂಬು ತೆಗೆದು ಗ್ರಂಥವನ್ನ ಅದರ ಮೇಲೆ ಇರಿಸಿ, "ನಿನ್ನನ್ನೂ ನಿನ್ನನ್ನ ಇಳಿಸಿದವನನ್ನೂ ನಂಬಿದೆ" ಅಂದರು ಅಂತ ಇನ್ನೊಂದು ಹದೀಸ್ ಸಂಗ್ರಹ ಅಬೂ ದಾವೂದ್‌ನಲ್ಲಿದೆ. ಹಾಗಾಗಿ ನೆಲದ ಮೇಲೆ ಎಸೆಯೋದಂತೂ ಸಲ್ಲ.

ಡೇವಿಡ್, 11:01
ಮೇಷ್ಟ್ರೇ, ಕನ್ನಡ ಬೈಬಲ್ ಬೇಕಿದ್ರೆ ಎಂ.ಜಿ. ರೋಡಲ್ಲಿ ಬೈಬಲ್ ಸೊಸೈಟಿ ಇದೆ. ಶಬಾನಾ, 5:41ರಿಂದ 48ರ ಪಕ್ಕ ಇಟ್ಟುಕೊಳ್ಳೋಕೆ ಧರ್ಮೋಪದೇಶಕಾಂಡ 17:8–13 ಸೇರಿಸು. ಕಠಿಣ ಪ್ರಕರಣವನ್ನ ಯಾಜಕರ ಹತ್ರ ಒಯ್ಯಬೇಕು ಅನ್ನೋ ವಿಧಿ ಅಲ್ಲಿದೆ. 43ರ ಪ್ರಶ್ನೆ ಅದನ್ನೇ ಮುಟ್ಟುತ್ತೆ ಅನ್ಸುತ್ತೆ ನನಗೆ.

ಶಬಾನಾ, 11:03
44ರಲ್ಲಿ ಪ್ರವಾದಿಗಳ ಜೊತೆ ಧರ್ಮಗುರುಗಳೂ ವಿದ್ವಾಂಸರೂ ಅದರಂತೆ ತೀರ್ಪು ಕೊಡ್ತಿದ್ರು ಅಂತ ಇದೆಯಲ್ಲ, ಅಲ್ಲಿಗೆ ಇನ್ನೂ ಚೆನ್ನಾಗಿ ಕೂರುತ್ತೆ. 17:12ರಲ್ಲಿ ಆ ತೀರ್ಪನ್ನ ಧಿಕ್ಕರಿಸಿದೋನಿಗೆ ಮರಣದಂಡನೆ, 44ರ ಕೊನೇಲಿ ಅಲ್ಲಾಹನು ಇಳಿಸಿದ್ದರಂತೆ ತೀರ್ಪು ಕೊಡದೇ ಇರೋನಿಗೆ ಕಟುವಾದ ಮಾತು. ಒಂದು ಕಡೆ ಕಕ್ಷಿದಾರನ ಮೇಲೆ, ಇನ್ನೊಂದು ಕಡೆ ನ್ಯಾಯ ಹೇಳೋನ ಮೇಲೆ.