ಜ್ವರವಿಲ್ಲ, ಆದರೆ ಮಾವನವರು ಮಂಕಾಗಿದ್ದಾರೆ

ಪ್ರಶ್ನೆ (ದಾವಣಗೆರೆ): ನಮಸ್ಕಾರ ಡಾಕ್ಟರೇ. ಮಾವನವರಿಗೆ 76 ವರ್ಷ. ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು, ಕೆಮ್ಮು ಹಳೆಯದೇ. ನಿನ್ನೆಯಿಂದ ಕಫ ಹಳದಿಯಾಗಿದೆ, ಊಟ ಬೇಡ ಎನ್ನುತ್ತಾರೆ, ಮೊಮ್ಮಗನ ಹೆಸರೇ ತಪ್ಪಿ ಹೋಯಿತು. ಜ್ವರವಿಲ್ಲ. ಮನೆಯಲ್ಲಿ ಉಳಿದಿರುವ ಅಜಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಕೊಡಬಹುದೇ?

ವೈದ್ಯರು: ಕೊಡಬೇಡಿ ತಂಗಿ. ಮೊದಲು ಉಸಿರು ಎಣಿಸಿ. ಅವರಿಗೆ ಹೇಳದೆ, ಹೊಟ್ಟೆ ಏರಿಳಿಯುವುದನ್ನು ನೋಡುತ್ತ, ಪೂರ್ತಿ ಒಂದು ನಿಮಿಷ. 12ರಿಂದ 20 ಸಹಜ. 30 ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ನೋಡುವ ಆಕ್ಸಿಮೀಟರ್ ಇದ್ದರೆ ಅದನ್ನೂ ಹಾಕಿ. ವಯಸ್ಸಾದವರಿಗೆ ನ್ಯುಮೋನಿಯಾ ಬಂದರೂ ಎಷ್ಟೋ ಸಲ ಮೈ ಬಿಸಿಯಾಗುವುದಿಲ್ಲ. ಊಟ ಬಿಡುತ್ತಾರೆ, ತಡವರಿಸುತ್ತಾರೆ, ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ಮನೆಯವರು ಅರಳುಮರಳು ಎಂದು ಸುಮ್ಮನಾಗುತ್ತಾರೆ, ನನಗೆ ಭಯವಾಗುವುದು ಅಲ್ಲಿಯೇ. ಒಂದೇ ದಿನದಲ್ಲಿ ಬಂದ ಗೊಂದಲ ಅರಳುಮರಳಲ್ಲ. ಎಣಿಕೆ ಎಷ್ಟೇ ಬರಲಿ, ಇಂದೇ ತೋರಿಸಬೇಕು.

ಪ್ರಶ್ನೆ ಕೇಳಿದವರು: ಉಸಿರು 28, ಆಕ್ಸಿಮೀಟರ್ 87. ಬೆಳಿಗ್ಗೆ ಕರೆದುಕೊಂಡು ಹೋದರೆ ಆಗದೇ?

ವೈದ್ಯರು: ಬೆಳಗಿನವರೆಗೆ ಕಾಯಬೇಡಿ, ಉಸಿರು ಹೆಚ್ಚಿದೆ, ಆಮ್ಲಜನಕ ಇಳಿದಿದೆ. 108ಕ್ಕೆ ಈಗಲೇ ಕರೆ ಮಾಡಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಾದರೂ ಸರಿ, ಹತ್ತಿರದ ಬೇರೆ ದೊಡ್ಡ ಆಸ್ಪತ್ರೆಯಾದರೂ ಸರಿ, ನೇರ ತುರ್ತು ವಿಭಾಗಕ್ಕೆ. ಅಲ್ಲಿಯವರೆಗೆ ದಿಂಬು ಒರಗಿಸಿ ಕೂರಿಸಿ. ಮಂಪರಿನಲ್ಲಿರುವಾಗ ಗಂಜಿ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಿದ್ದೆ ಮಾತ್ರೆಯೂ ಬೇಡ. ಅವರು ದಿನವೂ ನುಂಗುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಭಟ್ಟಿಯ ಹೊಗೆ, ಹಳೆಯ ಕೆಮ್ಮು ಇವನ್ನು ಅಲ್ಲಿಯ ವೈದ್ಯರಿಗೆ ಮರೆಯದೆ ಹೇಳಿ. ಹೊಗೆ ಕುಡಿದು ಸವೆದ ಶ್ವಾಸಕೋಶವಿದ್ದರೆ ಆಮ್ಲಜನಕವನ್ನು ಅಳೆದು ಕೊಡುತ್ತಾರೆ, ಸಾಮಾನ್ಯವಾಗಿ ಆಕ್ಸಿಮೀಟರ್ 88ರಿಂದ 92ರ ನಡುವೆ ನಿಲ್ಲುವಂತೆ. ಆಂಟಿಬಯೋಟಿಕ್ ಯಾವುದು, ಎಷ್ಟು ದಿನ ಎಂಬುದು ಎಕ್ಸ್‌ರೇ, ರಕ್ತ ಪರೀಕ್ಷೆ ನೋಡಿದವರು ತೀರ್ಮಾನಿಸಲಿ.

ಮತ್ತೊಬ್ಬರು (ಚನ್ನಗಿರಿ): ಅಮ್ಮನಿಗೆ ಮೂರು ವಾರದಿಂದ ಕೆಮ್ಮು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಲಿವೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್‌ನಿಂದ ಕಡಿಮೆಯಾಗಿತ್ತು, ಮತ್ತೆ ಶುರುವಾಗಿದೆ.

ವೈದ್ಯರು: ಆ ಮಾತ್ರೆ ಕ್ಷಯದ ರೋಗಾಣುವನ್ನೂ ಸ್ವಲ್ಪ ಕಾಲ ಅಡಗಿಸುತ್ತದೆ. ಒಳಗೆ ಕ್ಷಯವಿದ್ದರೆ ವಾಸಿಯಾದಂತೆ ಕಾಣುತ್ತದೆ, ಪತ್ತೆಯಾಗುವುದು ತಡವಾಗುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಾಳೆಯೇ ಹೋಗಿ, ಆ ಮಾತ್ರೆ ನುಂಗಿದ್ದನ್ನು ಮುಚ್ಚಿಡಬೇಡಿ. ನ್ಯುಮೋನಿಯಾ ಲಸಿಕೆ, ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆಯ ಬಗ್ಗೆಯೂ ಅಲ್ಲಿಯೇ ಕೇಳಿ.

ಪ್ರಶ್ನೆ ಕೇಳಿದವರು (ದಾವಣಗೆರೆ): ಆಂಬುಲೆನ್ಸ್ ಬಂದಿದೆ ಡಾಕ್ಟರೇ, ಹೊರಟೆವು.

ವೈದ್ಯರು: ದಾರಿಯಲ್ಲಿ ಮಲಗಿಸಬೇಡಿ, ಕೂರಿಸಿಯೇ ಕರೆದೊಯ್ಯಲು ಹೇಳಿ.